ಯುಎಇಯಲ್ಲಿ ಕೆಲಸ ಬದಲಿಸುವ ನಡುವೆ ಊರಿಗೆ ರಜೆ: ಯಾವುದು ಮೊದಲು, ಯಾವುದು ಆಮೇಲೆ

ದುಬೈ, ಶಾರ್ಜಾ, ಅಬುಧಾಬಿ ಕಡೆ ಇರುವ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆ ಇದು. "ಹಳೇ ಕಂಪನಿಗೆ ರಾಜೀನಾಮೆ ಕೊಡ್ತಾ ಇದ್ದೇನೆ, ಹೊಸ ಕಂಪನಿಯ ಆಫರ್ ಬಂದಿದೆ, ನಡುವೆ ಒಂದು ತಿಂಗಳು ಊರಿಗೆ ಹೋಗಿ ಬರಬಹುದಾ?"

ಹೋಗಿ. ಸಾಧ್ಯ ಇದ್ದರೆ ಖಂಡಿತ ಹೋಗಿ. ಹೊಸ ಕೆಲಸಕ್ಕೆ ಸೇರಿದ ಮೇಲೆ ಮೊದಲ ಆರು ತಿಂಗಳು ವಾರ್ಷಿಕ ರಜೆಯ ಹಕ್ಕು ಇರುವುದಿಲ್ಲ. ಆಮೇಲೆ ವರ್ಷ ತುಂಬುವವರೆಗೂ ತಿಂಗಳಿಗೆ ಎರಡು ದಿನದ ಲೆಕ್ಕ. ಅಂದರೆ ಈಗ ಬಿಟ್ಟರೆ ಅಪ್ಪ ಅಮ್ಮನ ಜೊತೆ ಸಮಾಧಾನವಾಗಿ ಒಂದು ತಿಂಗಳು ಕೂರುವ ಅವಕಾಶ ಮತ್ತೆ ಬೇಗ ಸಿಗುವುದಿಲ್ಲ. ಆದರೆ ಈ ರಜೆ ಕಂಪನಿ ಕೊಡುವ ಮಾಮೂಲಿ ರಜೆಯ ಹಾಗಲ್ಲ. ಇದರಲ್ಲಿ ವೀಸಾ, ಬಾಕಿ ದುಡ್ಡು, ಬ್ಯಾಂಕು, ಫೋನ್ ನಂಬರ್ ಎಲ್ಲವೂ ಒಂದೇ ವಾರದಲ್ಲಿ ಕೈ ಬದಲಾಗುತ್ತವೆ, ಮತ್ತು ಒಂದು ಸಲ ವಿಮಾನ ಹತ್ತಿದ ಮೇಲೆ ಉಳಿದುಹೋದ ಕೆಲಸವನ್ನು ಊರಿಂದ ಸರಿಪಡಿಸುವುದು ಬಹಳ ಕಷ್ಟ. ಹಾಗಾಗಿ ಕ್ರಮ ಮುಖ್ಯ. ಜನ ಎಲ್ಲಕ್ಕಿಂತ ಮೊದಲು ಮಾಡುವ ಕೆಲಸ ಟಿಕೆಟ್ ಬುಕ್ ಮಾಡುವುದು. ಅದು ಬರಬೇಕಾದದ್ದು ಕೊನೆಗೆ.

ಇಲ್ಲಿ ಬರೆದಿರುವುದು ಖಾಸಗಿ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ. 2021ರ 33ನೇ ಕಾರ್ಮಿಕ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ, ಕೆಳಗಿನ ಲೆಕ್ಕವೆಲ್ಲ ಅದರದ್ದು. ದುಬೈಯ ಡಿಐಎಫ್‌ಸಿ ಮತ್ತು ಅಬುಧಾಬಿಯ ಎಡಿಜಿಎಂ ಅನ್ನುವ ಹಣಕಾಸು ವಲಯಗಳಿಗೆ ಅವುಗಳದ್ದೇ ಕಾನೂನು ಇದೆ. ಮನೆಕೆಲಸ, ಡ್ರೈವರ್ ಕೆಲಸಕ್ಕೆ ಮನೆಯವರ ವೀಸಾದಲ್ಲಿ ಇರುವವರಿಗೂ ಬೇರೆ ಕಾನೂನು. ಅವರು ಈ ಅಂಕಿಗಳನ್ನು ಹಾಗೇ ಹಿಡಿದುಕೊಳ್ಳಬೇಡಿ.

ಮೊದಲು ನಾಲ್ಕು ಹೆಸರು ತಿಳಿದಿರಲಿ. ಮೊಹ್ರೆ ಅಂದರೆ ಅಲ್ಲಿನ ಕಾರ್ಮಿಕ ಸಚಿವಾಲಯ, ನಿಮ್ಮ ಕೆಲಸದ ಪರವಾನಗಿ ಮತ್ತು ಒಪ್ಪಂದ ಅವರ ಕೈಯಲ್ಲಿ. ಜಿಡಿಆರ್‌ಎಫ್‌ಎ ದುಬೈಯ ವಲಸೆ ಇಲಾಖೆ, ಐಸಿಪಿ ಉಳಿದ ಎಮಿರೇಟ್‌ಗಳದ್ದು. ವಾಸದ ವೀಸಾ ಇವರದ್ದು. ಎಂಟ್ರಿ ಪರ್ಮಿಟ್ ಅಂದರೆ ಹೊಸ ಕಂಪನಿ ನಿಮಗೆ ಕಳಿಸುವ ಪ್ರವೇಶ ಪತ್ರ. ಗ್ರ್ಯಾಚುಟಿ ಅಂದರೆ ಸೇವೆ ಮುಗಿದಾಗ ಬರುವ ಇಡುಗಂಟು.

1. ಯಾವ ದಾರಿಯಲ್ಲಿ ಹೋಗುತ್ತೀರಿ ಅಂತ ಮೊದಲೇ ನಿರ್ಧರಿಸಿ

ಮೂರು ದಾರಿ ಇವೆ.

ಒಂದು, ಹಳೇ ವೀಸಾದಲ್ಲೇ ರಜೆ ಹಾಕಿ ಊರಿಗೆ ಹೋಗಿ, ಮರಳಿ ಬಂದು ನೋಟಿಸ್ ಮುಗಿಸಿ, ಆಮೇಲೆ ಹೊಸ ಕಂಪನಿಗೆ ಹೋಗುವುದು. ಕಂಪನಿ ಒಪ್ಪಿದರೆ ಇದು ಸಲೀಸು. ಉಳಿದ ರಜೆಯೂ ಮುಗಿಯುತ್ತದೆ, ಇನ್ಶೂರೆನ್ಸ್, ಬ್ಯಾಂಕು, ನಂಬರ್ ಎಲ್ಲ ಹಾಗೇ ಇರುತ್ತವೆ.

ಎರಡು, ಹಳೇ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗುವುದು, ಹೊಸ ಕಂಪನಿಯ ಎಂಟ್ರಿ ಪರ್ಮಿಟ್ ಬಂದ ಮೇಲೆ ವಾಪಸ್ ಬರುವುದು. ಜಾಸ್ತಿ ಜನ ಹೋಗುವ ದಾರಿ ಇದು. ಎಡವುವವರೂ ಇದರಲ್ಲೇ ಜಾಸ್ತಿ, ಹಾಗಾಗಿ ಮುಂದೆ ಹೇಳುವುದು ಹೆಚ್ಚಾಗಿ ಇದರ ಬಗ್ಗೆಯೇ.

ಮೂರು, ಅಲ್ಲೇ ಇದ್ದು ಹೊಸ ಕಂಪನಿಯ ವೀಸಾ ಪೂರ್ತಿ ಮಾಡಿಸಿಕೊಂಡು, ಹೊಸ ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ) ಕೈಗೆ ಬಂದ ಮೇಲೆ ಸ್ವಲ್ಪ ದಿನ ಊರಿಗೆ ಹೋಗುವುದು. ವೀಸಾ ದೃಷ್ಟಿಯಿಂದ ಇದೇ ಅತಿ ಭದ್ರ. ಆದರೆ ಆ ಹೊತ್ತಿಗೆ ನೀವು ಹೊಸ ಕಂಪನಿಯ ನೌಕರರಾಗಿರುತ್ತೀರಿ. ಸಂಬಳವಿಲ್ಲದ ರಜೆಗೆ ಅವರು ಇಮೇಲ್‌ನಲ್ಲಿ ಒಪ್ಪಿಗೆ ಕೊಟ್ಟಿರಬೇಕು. "ಪರವಾಗಿಲ್ಲ ಹೋಗಿ ಬನ್ನಿ" ಅಂತ ಮ್ಯಾನೇಜರ್ ಬಾಯಲ್ಲಿ ಹೇಳಿದ್ದು ಸಾಲದು.

ಊರಲ್ಲಿ ಅಮ್ಮನಿಗೆ ಆಪರೇಷನ್ ಇದೆ, ತಂಗಿ ಮದುವೆ ಇದೆ, ಹೀಗೆ ದಿನಾಂಕ ಬದಲಾಯಿಸಲು ಆಗದ ಕಾರಣ ಇದ್ದರೆ ಮೊದಲ ಅಥವಾ ಮೂರನೇ ದಾರಿಯನ್ನೇ ಪ್ರಯತ್ನಿಸಿ. ಎರಡನೇ ದಾರಿಯಲ್ಲಿ ಹೋಗುವ ದಿನವೂ ಬರುವ ದಿನವೂ ಬೇರೆಯವರ ಕೈಯಲ್ಲಿರುತ್ತವೆ.

2. ಆಫರ್ ನಿಜವಾದದ್ದಾ ನೋಡಿ

ಕಂಪನಿಯ ಲೆಟರ್‌ಹೆಡ್‌ನಲ್ಲಿ ಬಂದ ಆಫರ್ ಒಂದು, ಮೊಹ್ರೆ ನಮೂನೆಯಲ್ಲಿ ಬಂದ ಆಫರ್ ಇನ್ನೊಂದು. ಎರಡನೆಯದಕ್ಕೆ ವಹಿವಾಟಿನ ನಂಬರ್ ಇರುತ್ತದೆ, ಅದನ್ನು ಮೊಹ್ರೆ ಆ್ಯಪ್‌ನಲ್ಲಿ ಅಥವಾ ಅವರ ಜಾಲತಾಣದಲ್ಲಿ ಹಾಕಿ ನೋಡಬಹುದು. ಸಂಬಳ, ಅದರಲ್ಲಿ ಮೂಲ ಸಂಬಳ ಎಷ್ಟು, ಹುದ್ದೆಯ ಹೆಸರು, ಇವು ನಿಮಗೆ ಹೇಳಿದ ಹಾಗೇ ಇವೆಯಾ ಅಂತ ಓದಿ. ಮೂಲ ಸಂಬಳ ಕಡಿಮೆ ತೋರಿಸಿ ಭತ್ಯೆ ಜಾಸ್ತಿ ತೋರಿಸಿದರೆ ಮುಂದೆ ನಿಮ್ಮ ಗ್ರ್ಯಾಚುಟಿಗೇ ಪೆಟ್ಟು.

ವೀಸಾ ಖರ್ಚು, ನೇಮಕಾತಿ ಖರ್ಚು ಕಂಪನಿಯದ್ದು. ಅದನ್ನು ನಿಮ್ಮಿಂದ ವಸೂಲಿ ಮಾಡುವುದನ್ನು ಕಾನೂನೇ ನಿಷೇಧಿಸಿದೆ. "ವೀಸಾ ದುಡ್ಡು ಮೊದಲು ನೀವು ಕಟ್ಟಿ, ಆಮೇಲೆ ಕೊಡ್ತೇವೆ" ಅನ್ನುವ ಕಡೆ ಹುಷಾರು.

ಇನ್ನೊಂದು ಮಾತು ಬಹಳ ಕೇಳಿಬರುತ್ತದೆ: "ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಬಂದು ಕೆಲಸ ಶುರು ಮಾಡಿ, ಆಮೇಲೆ ಬದಲಾಯಿಸ್ತೇವೆ." ಒಪ್ಪಬೇಡಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಕಾನೂನುಬಾಹಿರ. ಸಂಬಳ ಕೊಡದಿದ್ದರೆ ದೂರು ಕೊಡುವಾಗ ನಿಮ್ಮ ಕೈಯಲ್ಲಿ ಒಪ್ಪಂದವೂ ಇರುವುದಿಲ್ಲ. ದಿನ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ ಬೀಳುವುದು ನಿಮ್ಮ ಮೇಲೆ.

3. ನೋಟಿಸ್ ಕೊಡುವುದು

ನೋಟಿಸ್ ಅವಧಿ ಕನಿಷ್ಠ 30 ದಿನ, ಗರಿಷ್ಠ 90 ದಿನ. ನಿಮ್ಮದು ಎಷ್ಟು ಅನ್ನುವುದು ಒಪ್ಪಂದದಲ್ಲಿದೆ. ರಾಜೀನಾಮೆ ಬರವಣಿಗೆಯಲ್ಲೇ ಇರಲಿ, ಇಮೇಲ್ ಆದರೂ ಸಾಕು, ಕೊನೆಯ ಕೆಲಸದ ದಿನ ಯಾವುದು ಅಂತ ಸ್ಪಷ್ಟವಾಗಿ ಬರೆಯಿರಿ. ಅವರು ಒಪ್ಪಿ ಕೊಟ್ಟ ಉತ್ತರವನ್ನು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಕಂಪನಿ ಮೇಲ್ ಕೊನೆಯ ದಿನವೇ ಬಂದ್ ಆಗುತ್ತದೆ.

ಪ್ರೊಬೇಷನ್‌ನಲ್ಲಿ, ಅಂದರೆ ಸೇರಿದ ಹೊಸತರ ಪರೀಕ್ಷಾ ಅವಧಿಯಲ್ಲಿ ಇರುವವರು ಇನ್ನೂ ಸ್ವಲ್ಪ ಗಮನ ಕೊಡಬೇಕು. ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಆ ಅವಧಿಯಲ್ಲಿ ಯುಎಇಯಲ್ಲೇ ಬೇರೆ ಕಂಪನಿಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್ ಬೇಕು, ಮತ್ತು ನಿಮ್ಮನ್ನು ಕರೆತಂದ ಖರ್ಚನ್ನು ಹೊಸ ಕಂಪನಿ ಹಳೇ ಕಂಪನಿಗೆ ತುಂಬಿಕೊಡಬೇಕು. ದೇಶ ಬಿಟ್ಟು ಹೋಗುವುದಾದರೆ 14 ದಿನ ಸಾಕು. ಇದನ್ನು ನೋಡಿ ಕೆಲವರು "ಊರಿಗೆ ಹೋಗ್ತೇನೆ ಅಂತ 14 ದಿನದ ನೋಟಿಸ್ ಕೊಟ್ಟು, ಒಂದು ತಿಂಗಳು ಬಿಟ್ಟು ಹೊಸ ಕಂಪನಿಗೆ ಬಂದರಾಯ್ತು" ಅಂದುಕೊಳ್ಳುತ್ತಾರೆ. ಕಾನೂನು ಇದನ್ನೂ ಯೋಚಿಸಿದೆ: ದೇಶ ಬಿಟ್ಟ ಮೂರು ತಿಂಗಳ ಒಳಗೆ ಹೊಸ ಪರವಾನಗಿ ಮೇಲೆ ವಾಪಸ್ ಬಂದರೆ ಹೊಸ ಕಂಪನಿ ಆ ಖರ್ಚನ್ನು ಕೊಡಲೇಬೇಕು. ಹಾಗಾಗಿ ನೀವು ಪ್ರೊಬೇಷನ್‌ನಲ್ಲಿದ್ದೀರಿ ಅನ್ನುವುದನ್ನು ಹೊಸ ಕಂಪನಿಗೆ ಮೊದಲೇ ಹೇಳಿಬಿಡಿ, ಕೊನೇ ಗಳಿಗೆಯಲ್ಲಿ ಗೊತ್ತಾದರೆ ಆಫರನ್ನೇ ಹಿಂದಕ್ಕೆ ತೆಗೆದುಕೊಳ್ಳಬಹುದು.

ಈ ಹಂತದಲ್ಲಿ ಯಾರೂ ಮಾಡಬಾರದ ಕೆಲಸ ಒಂದಿದೆ. ಮಾಮೂಲಿ ರಜೆ ಅಂತ ಹೇಳಿ ಊರಿಗೆ ಹೋಗಿ, ಅಲ್ಲಿಂದ ವಾಟ್ಸ್‌ಆ್ಯಪ್‌ನಲ್ಲಿ "ನಾನು ಬರಲ್ಲ" ಅಂತ ಕಳಿಸುವುದು. ರಜೆ ಮುಗಿದ ಮೇಲೂ ಕೆಲಸಕ್ಕೆ ಬಾರದೆ ಏಳು ದಿನಕ್ಕಿಂತ ಜಾಸ್ತಿ ಆದರೆ ಕಂಪನಿ ನಿಮ್ಮ ಮೇಲೆ ಕೆಲಸ ಬಿಟ್ಟು ಹೋದ ದೂರು ಹಾಕಬಹುದು, ನಮ್ಮವರ ಬಾಯಲ್ಲಿ ಇದು "ಆಬ್ಸ್‌ಕಾಂಡಿಂಗ್". ಸರಿಯಾದ ಕಾರಣವಿಲ್ಲದೆ ಹೀಗೆ ಬಿಟ್ಟು ಹೋದವರಿಗೆ ಒಂದು ವರ್ಷ ಹೊಸ ಕೆಲಸದ ಪರವಾನಗಿ ಸಿಗುವುದಿಲ್ಲ ಅಂತ ಕಾನೂನಿನಲ್ಲೇ ಇದೆ. ಆಮೇಲೆ ಹೊಸ ಕಂಪನಿ ಎಷ್ಟೇ ಒಳ್ಳೆಯದಿದ್ದರೂ ಅವರಿಂದಲೂ ಏನೂ ಆಗುವುದಿಲ್ಲ. ಊರಲ್ಲಿ ಇದ್ದಾಗಲೇ ಹೊಸ ಆಫರ್ ಬಂತು ಅಂದರೂ ವಾಪಸ್ ಹೋಗಿ ನೋಟಿಸ್ ಮುಗಿಸಿ, ಇಲ್ಲವೇ ನೋಟಿಸ್ ಮಾಫಿ ಮಾಡಿ ರಾಜೀನಾಮೆ ಒಪ್ಪಿದ್ದೇವೆ ಅಂತ ಹಳೇ ಕಂಪನಿಯಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

4. ದುಡ್ಡಿನ ಲೆಕ್ಕ ನೀವೇ ಹಾಕಿ

ಅಕೌಂಟ್ಸ್‌ನವರು ಕೊಟ್ಟ ಹಾಳೆಯನ್ನು ಕಾಯಬೇಡಿ. ಲೆಕ್ಕ ಸುಲಭ.

ಗ್ರ್ಯಾಚುಟಿ ಮೂಲ ಸಂಬಳದ ಮೇಲೆ ಮಾತ್ರ, ಭತ್ಯೆ ಸೇರುವುದಿಲ್ಲ. ಒಂದು ವರ್ಷ ಪೂರ್ತಿ ಆಗಿದ್ದರೆ ಮಾತ್ರ ಹಕ್ಕು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಐದರ ನಂತರದ ಪ್ರತಿ ವರ್ಷಕ್ಕೆ 30 ದಿನದ್ದು. ಒಟ್ಟು ಎರಡು ವರ್ಷದ ಸಂಬಳ ಮೀರುವುದಿಲ್ಲ. ವರ್ಷ ದಾಟಿದ ಬಿಡಿ ತಿಂಗಳಿಗೂ ಅದೇ ಪ್ರಮಾಣದಲ್ಲಿ ಬರುತ್ತದೆ.

ನಿಮ್ಮ ಮೂಲ ಸಂಬಳ 3,000 ದಿರ್ಹಮ್ ಅಂತಿಟ್ಟುಕೊಳ್ಳಿ. ದಿನಕ್ಕೆ 100. ನಾಲ್ಕು ವರ್ಷ ಮಾಡಿದ್ದರೆ 21 ದಿನದಂತೆ 8,400 ದಿರ್ಹಮ್. ಏಳು ವರ್ಷ ಮಾಡಿದ್ದರೆ ಮೊದಲ ಐದಕ್ಕೆ 10,500, ಆಮೇಲಿನ ಎರಡಕ್ಕೆ 6,000, ಒಟ್ಟು 16,500. ಸಂಬಳವಿಲ್ಲದೆ ರಜೆ ಹಾಕಿದ ದಿನಗಳು ಸೇವೆಯ ಲೆಕ್ಕದಲ್ಲಿ ಬರುವುದಿಲ್ಲ, ಅಷ್ಟು ಕಳೆಯಿರಿ.

"ನೀವಾಗೇ ರಾಜೀನಾಮೆ ಕೊಟ್ಟಿದ್ದೀರಿ, ಹಾಗಾಗಿ ಗ್ರ್ಯಾಚುಟಿ ಕಡಿಮೆ" ಅಂತ ಈಗಲೂ ಹೇಳುವವರಿದ್ದಾರೆ. ಅದು ಹಳೇ ಕಾನೂನಿನ ಮಾತು. ಈಗಿನ ಕಾನೂನಿನಲ್ಲಿ ವರ್ಷ ತುಂಬಿದವರು ತಾವಾಗೇ ಬಿಟ್ಟರೂ ಪೂರ್ತಿ ಗ್ರ್ಯಾಚುಟಿ ಬರಬೇಕು.

ಇದರ ಜೊತೆಗೆ ಕೊನೆಯ ತಿಂಗಳ ಸಂಬಳ, ಮತ್ತು ಉಳಿದ ರಜೆಯ ದುಡ್ಡು. ವರ್ಷಕ್ಕೆ 30 ದಿನ ರಜೆ. ಬಳಸದೆ ಉಳಿದದ್ದಕ್ಕೆ ಮೂಲ ಸಂಬಳದ ಲೆಕ್ಕದಲ್ಲಿ ಕೊಡಬೇಕು. ಎಲ್ಲ ಬಾಕಿಯನ್ನೂ ಒಪ್ಪಂದ ಮುಗಿದ 14 ದಿನದೊಳಗೆ ಕೊಡಬೇಕು.

ಊರಿಗೆ ಟಿಕೆಟ್ ವಿಷಯದಲ್ಲಿ ಜನ ಸುಮ್ನೆ ಆಸೆ ಇಟ್ಟುಕೊಳ್ಳುತ್ತಾರೆ. ಸೇವೆ ಮುಗಿದಾಗ ವಾಪಸ್ ಕಳಿಸುವ ಖರ್ಚು ಕಂಪನಿಯದ್ದೇ ಹೌದು, ಆದರೆ ನೀವು ಬೇರೆ ಕಂಪನಿಗೆ ಸೇರುತ್ತಿದ್ದರೆ ಅಥವಾ ಕೆಲಸ ಮುಗಿದದ್ದು ನಿಮ್ಮ ಕಾರಣಕ್ಕೆ ಆಗಿದ್ದರೆ ಅದು ಅವರ ಮೇಲೆ ಬರುವುದಿಲ್ಲ. ಒಪ್ಪಂದದಲ್ಲಿ ಬೇರೆ ಥರ ಬರೆದಿದ್ದರೆ ಸರಿ, ಇಲ್ಲವಾದರೆ ಈ ಟಿಕೆಟ್ ನಿಮ್ಮ ಖರ್ಚು ಅಂತಲೇ ಲೆಕ್ಕ ಹಾಕಿ.

ಕೆಲಸದಿಂದ ತೆಗೆದುಹಾಕಲ್ಪಟ್ಟವರಿಗೆ ಒಂದು ಮಾತು. ನಿರುದ್ಯೋಗ ವಿಮೆ, ಅಂದರೆ ಐಲೋ, 2023ರ ಜನವರಿಯಿಂದ ಇದೆ. ತಿಂಗಳಿಗೆ 5 ಅಥವಾ 10 ದಿರ್ಹಮ್ ಕಟ್ಟಿರುತ್ತೀರಿ. ಸತತ 12 ತಿಂಗಳು ಕಟ್ಟಿದ್ದು, ಕಂಪನಿಯೇ ನಿಮ್ಮನ್ನು ತೆಗೆದಿದ್ದರೆ ಮೂಲ ಸಂಬಳದ ಶೇ 60ರಷ್ಟು, ಗರಿಷ್ಠ ಮೂರು ತಿಂಗಳು ಸಿಗುತ್ತದೆ. ಅರ್ಜಿ ಹಾಕಲು 30 ದಿನ ಮಾತ್ರ. ರಾಜೀನಾಮೆ ಕೊಟ್ಟವರಿಗಿಲ್ಲ, ಶಿಸ್ತಿನ ಕಾರಣಕ್ಕೆ ತೆಗೆದರೂ ಇಲ್ಲ. ದೇಶ ಬಿಟ್ಟರೆ ಆ ಹಣ ನಿಲ್ಲುತ್ತದೆ. ಹಾಗಾಗಿ ಬೇಜಾರಲ್ಲಿ ಮರುದಿನವೇ ಊರಿಗೆ ಹೊರಡುವ ಮೊದಲು ಈ ಲೆಕ್ಕ ನೋಡಿ.

5. ಸಹಿ ಹಾಕುವ ದಿನ

ಕ್ಯಾನ್ಸಲೇಷನ್ ಕಾಗದಕ್ಕೆ ನಿಮ್ಮ ಸಹಿ ಬೇಕು. ಅದರಲ್ಲಿ "ನನಗೆ ಬರಬೇಕಾದ ಎಲ್ಲ ಬಾಕಿ ಬಂದಿದೆ" ಅನ್ನುವ ಮಾತು ಇರುತ್ತದೆ. ದುಡ್ಡು ಖಾತೆಗೆ ಬಂದ ಮೇಲೆ ಸಹಿ ಹಾಕಿ. "ಸಹಿ ಹಾಕಿ ಹೋಗಿ, ಗ್ರ್ಯಾಚುಟಿ ಮುಂದಿನ ತಿಂಗಳು ಹಾಕ್ತೇವೆ" ಅಂದರೆ ಒಪ್ಪಬೇಡಿ. ನೀವು ಊರಲ್ಲಿ ಇರುತ್ತೀರಿ, ಸಹಿ ಹಾಕಿದ ಕಾಗದ ಅವರ ಹತ್ತಿರ ಇರುತ್ತದೆ, ಆಮೇಲೆ ಫೋನ್ ಎತ್ತುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಏಕೆಂದರೆ ಊರಿಗೆ ಹೋಗುವ ಅವಸರದಲ್ಲಿ ಜನ ಇಲ್ಲೇ ಸೋಲುವುದು.

ಕೊಡಲಿಲ್ಲ ಅಂದರೆ ಮೊಹ್ರೆಗೆ ದೂರು ಕೊಡಬಹುದು, ಆ್ಯಪ್‌ನಲ್ಲೇ ಆಗುತ್ತದೆ. 50,000 ದಿರ್ಹಮ್‌ವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸಬಹುದು. ಕೆಲಸ ಮುಗಿದ ಎರಡು ವರ್ಷದೊಳಗೆ ದಾವೆ ಹೂಡುವ ಹಕ್ಕಿದೆ. ಆದರೂ ಅಲ್ಲೇ ಇದ್ದು ದೂರು ಕೊಡುವುದಕ್ಕೂ ಊರಿಂದ ಓಡಾಡುವುದಕ್ಕೂ ಬಹಳ ವ್ಯತ್ಯಾಸ. ಭಾಷೆ, ಕಾಗದ ಗೊಂದಲ ಆದರೆ ದುಬೈಯ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, 800 46342 ನಂಬರಿಗೆ ಉಚಿತವಾಗಿ ಕರೆ ಮಾಡಬಹುದು.

ಅದೇ ದಿನ ಅನುಭವ ಪತ್ರವನ್ನೂ ಕೇಳಿ ತೆಗೆದುಕೊಳ್ಳಿ. ದುಡ್ಡಿಲ್ಲದೆ ಕೊಡುವುದು ಕಂಪನಿಯ ಕರ್ತವ್ಯ. ಪಾಸ್‌ಪೋರ್ಟ್ ಕಂಪನಿ ಹತ್ತಿರ ಇದ್ದರೆ ಅದನ್ನೂ. ನಿಮ್ಮ ದಾಖಲೆಗಳನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ.

6. ಕ್ಯಾನ್ಸಲ್ ಎರಡು ಹಂತದಲ್ಲಿ ಆಗುತ್ತದೆ

ಇದು ಗೊತ್ತಿಲ್ಲದೆ ಊರಲ್ಲಿ ಸಿಕ್ಕಿಹಾಕಿಕೊಂಡವರು ಬಹಳ. ಮೊದಲು ಮೊಹ್ರೆಯಲ್ಲಿ ಕೆಲಸದ ಪರವಾನಗಿ ಕ್ಯಾನ್ಸಲ್. ಆಮೇಲೆ ಜಿಡಿಆರ್‌ಎಫ್‌ಎ ಅಥವಾ ಐಸಿಪಿಯಲ್ಲಿ ವಾಸದ ವೀಸಾ ಕ್ಯಾನ್ಸಲ್. ಕಂಪನಿಯ ಪಿಆರ್‌ಒ, ಅಂದರೆ ಸರ್ಕಾರಿ ಕಚೇರಿಗಳಿಗೆ ಓಡಾಡುವವರು, ಮೊದಲನೆಯದನ್ನು ಮಾಡಿ "ಆಯ್ತು" ಅನ್ನುತ್ತಾರೆ. ನೀವು ಊರಿಗೆ ಬರುತ್ತೀರಿ. ಹೊಸ ಕಂಪನಿ ಅರ್ಜಿ ಹಾಕಿದಾಗ ಹಳೇ ವೀಸಾ ಇನ್ನೂ ಚಾಲ್ತಿಯಲ್ಲಿದೆ ಅಂತ ತಿರಸ್ಕಾರ ಆಗುತ್ತದೆ. ನೀವು ಹೊರಗಿದ್ದರೂ ಕಂಪನಿ ಕ್ಯಾನ್ಸಲ್ ಮಾಡಬಹುದು ನಿಜ, ಆದರೆ ಅಷ್ಟರಲ್ಲಿ ನೀವು ಅವರಿಗೆ ಸಂಬಂಧ ಇಲ್ಲದವರು, ನಿಮ್ಮ ಅವಸರ ಅವರಿಗಿರುವುದಿಲ್ಲ.

ಹಾಗಾಗಿ ವಾಸದ ವೀಸಾ ಕ್ಯಾನ್ಸಲ್ ಆದ ಪತ್ರ ಪಿಡಿಎಫ್‌ನಲ್ಲಿ ಕೈಗೆ ಬರುವವರೆಗೂ ವಿಮಾನ ಹತ್ತಬೇಡಿ. ಆ ಪತ್ರದಲ್ಲೇ ನೀವು ಯಾವ ದಿನದೊಳಗೆ ದೇಶ ಬಿಡಬೇಕು ಅಂತ ಇರುತ್ತದೆ. ಇದಕ್ಕೆ ಗ್ರೇಸ್ ಪೀರಿಯಡ್ ಅನ್ನುತ್ತಾರೆ. ವೀಸಾದ ವರ್ಗದ ಮೇಲೆ ಇದು ಬೇರೆ ಬೇರೆ, ಪಕ್ಕದ ರೂಮಿನವರಿಗೆ 60 ದಿನ ಇತ್ತು ಅಂತ ನಿಮಗೂ ಇರುತ್ತದೆ ಅಂದುಕೊಳ್ಳಬೇಡಿ. ಪತ್ರದ ದಿನಾಂಕವೇ ಅಂತಿಮ.

ಹೆಂಡತಿ ಮಕ್ಕಳು ನಿಮ್ಮ ಪ್ರಾಯೋಜಕತ್ವದಲ್ಲಿದ್ದರೆ ನಿಮ್ಮದಕ್ಕಿಂತ ಮೊದಲು ಅವರ ವೀಸಾ ವಿಷಯ ಬಗೆಹರಿಯಬೇಕು: ಕ್ಯಾನ್ಸಲ್ ಮಾಡಿಸಬಹುದು, ಇಲ್ಲವೇ ಹೊಸ ವೀಸಾ ಆಗುವವರೆಗೆ ತಡೆಹಿಡಿಯಲು ಅರ್ಜಿ ಕೊಡಬಹುದು. ಮಕ್ಕಳ ಶಾಲೆ ನಡುವೆ ಇದ್ದರೆ ತಡೆಹಿಡಿಯುವುದೇ ಒಳ್ಳೆಯದು. ವೀಸಾ ಹೋದ ಕೂಡಲೇ ಕಂಪನಿಯ ಆರೋಗ್ಯ ವಿಮೆಯೂ ಹೋಗುತ್ತದೆ. ಹಲ್ಲು, ಕಣ್ಣು, ರಕ್ತ ಪರೀಕ್ಷೆ ಏನಿದ್ದರೂ ನೋಟಿಸ್ ಅವಧಿಯಲ್ಲೇ ಮುಗಿಸಿ.

7. ಬ್ಯಾಂಕು, ಸಾಲ, ಫೋನ್

ಕಂತಿನ ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ, ಗ್ರ್ಯಾಚುಟಿ ದುಡ್ಡು ಖಾತೆಗೆ ಬಂದ ಕೂಡಲೇ ಬ್ಯಾಂಕ್ ಅದನ್ನು ತಡೆಹಿಡಿಯಬಹುದು. ಸಂಬಳದ ಖಾತೆಯ ಮೇಲೆ ಸಾಲ ತೆಗೆದವರ ಒಪ್ಪಂದದಲ್ಲಿ ಇದು ಇರುತ್ತದೆ. ನೋಟಿಸ್ ಕೊಟ್ಟ ವಾರವೇ ಬ್ಯಾಂಕಿಗೆ ಹೋಗಿ ಹೊಸ ಆಫರ್ ತೋರಿಸಿ ಮಾತಾಡಿ. ಸಾಲವನ್ನು ಹೊಸ ಸಂಬಳಕ್ಕೆ ಮುಂದುವರಿಸಲು ಆಗುತ್ತಾ ಕೇಳಿ. ಗ್ರ್ಯಾಚುಟಿ ನಂಬಿ ಊರಲ್ಲಿ ಮನೆ ಕೆಲಸ ಶುರು ಮಾಡಿಸಿದವರಿಗೆ ಇದು ದೊಡ್ಡ ಆಘಾತ. ಸಾಲ ಬಾಕಿ ಇಟ್ಟು ಊರಿಗೆ ಹೋಗಿ ಕಂತು ಕಟ್ಟದೆ ಬಿಟ್ಟರೆ ಪ್ರಯಾಣ ನಿಷೇಧದವರೆಗೂ ಹೋಗಬಹುದು. ವಾಪಸ್ ಬರಲೇಬೇಕಾದವರು ನೀವು, ಇದರಲ್ಲಿ ಆಟ ಬೇಡ.

ಗ್ರ್ಯಾಚುಟಿ ಮೊದಲು ಯುಎಇ ಖಾತೆಗೇ ಬರಲಿ, ಅಲ್ಲಿಂದ ನಿಮ್ಮ ಎನ್‌ಆರ್‌ಇ ಖಾತೆಗೆ, ಅಂದರೆ ಹೊರದೇಶದಲ್ಲಿರುವವರಿಗೆ ಭಾರತದ ಬ್ಯಾಂಕುಗಳು ಕೊಡುವ ಖಾತೆಗೆ ಕಳಿಸಿ. ಕಂಪನಿಯಿಂದ ನೇರವಾಗಿ ಭಾರತದ ಖಾತೆಗೆ ಹಾಕಿಸಿಕೊಂಡರೆ ಭಾರತದಲ್ಲಿ ಪಡೆದ ಆದಾಯ ಅನ್ನುವ ತೆರಿಗೆ ಪ್ರಶ್ನೆ ಏಳುತ್ತದೆ. ಸುಮ್ನೆ ಯಾಕೆ ತಲೆನೋವು.

ಫೋನ್ ನಂಬರ್ ಬಿಡಬೇಡಿ. ಬ್ಯಾಂಕಿನ ಒಟಿಪಿ, ಮೊಹ್ರೆ ಆ್ಯಪ್, ಯುಎಇ ಪಾಸ್ (ಅಲ್ಲಿನ ಸರ್ಕಾರಿ ಸೇವೆಗಳಿಗೆ ಲಾಗಿನ್ ಆಗುವ ಆ್ಯಪ್) ಎಲ್ಲ ಆ ನಂಬರಿಗೇ ಕಟ್ಟಿರುತ್ತವೆ. ಪೋಸ್ಟ್‌ಪೇಯ್ಡ್ ಇದ್ದರೆ ಪ್ರೀಪೇಯ್ಡ್‌ಗೆ ಬದಲಾಯಿಸಿ ರೋಮಿಂಗ್ ಚಾಲು ಮಾಡಿಸಿ. ನಂಬರ್ ಕಂಪನಿ ಹೆಸರಲ್ಲಿದ್ದರೆ ಕೊನೆಯ ದಿನಕ್ಕಿಂತ ಮೊದಲೇ ಬ್ಯಾಂಕಿನಲ್ಲಿ ಸ್ವಂತ ನಂಬರ್ ಕೊಡಿ.

ಮುಂದಿನ ಕೆಲಸ ಯುಎಇಯಲ್ಲಿ ಅಲ್ಲ, ಬೇರೆ ದೇಶದಲ್ಲಿ ಅಂದರೆ, ಯುಎಇ ಪೊಲೀಸರ ಸನ್ನಡತೆ ಪ್ರಮಾಣಪತ್ರವನ್ನು ಎಮಿರೇಟ್ಸ್ ಐಡಿ ಚಾಲ್ತಿಯಲ್ಲಿ ಇರುವಾಗಲೇ ತೆಗೆಯಿರಿ. ಆಗ ಆ್ಯಪ್‌ನಲ್ಲೇ ಆಗುತ್ತದೆ. ಊರಿಗೆ ಬಂದ ಮೇಲೆ ಬೆರಳಚ್ಚು, ರಾಯಭಾರ ಕಚೇರಿ ಅಂತ ವಾರಗಟ್ಟಲೆ ಓಡಾಟ.

8. ಈಗ ಟಿಕೆಟ್

ಕ್ಯಾನ್ಸಲ್ ಪತ್ರ ಬಂತು, ದುಡ್ಡು ಬಂತು. ಈಗ ಹೋಗುವ ಟಿಕೆಟ್ ಮಾತ್ರ ತೆಗೆಯಿರಿ. ಬರುವ ಟಿಕೆಟ್ ಎಂಟ್ರಿ ಪರ್ಮಿಟ್ ಬಂದ ಮೇಲೆ. ಹಬ್ಬದ ಸಮಯದಲ್ಲಿ ದರ ಜಾಸ್ತಿ ಆಗುತ್ತೆ ಅನ್ನುವ ಭಯಕ್ಕೆ ಎರಡೂ ಒಟ್ಟಿಗೆ ತೆಗೆಯುವುದಾದರೆ ದಿನಾಂಕ ಬದಲಾಯಿಸಬಹುದಾದ ಟಿಕೆಟ್ ಇರಲಿ.

ಚಿನ್ನ ತರುವವರಿಗೆ: ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ಬಂದರೆ ಸುಂಕವಿಲ್ಲದ ಮಿತಿ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ, ಅದೂ ಒಡವೆಗೆ ಮಾತ್ರ. ನಾಣ್ಯ, ಬಿಸ್ಕತ್ತಿಗೆ ಇದು ಅನ್ವಯಿಸುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಯಾರೋ "ಈ ಪೊಟ್ಟಣ ಮಂಗಳೂರಲ್ಲಿ ನಮ್ಮ ಚಿಕ್ಕಪ್ಪನಿಗೆ ಕೊಡಿ" ಅಂದರೆ ಬೇಡ ಅನ್ನಿ. ಎಷ್ಟು ಪರಿಚಯದವರಾದರೂ ಒಳಗೇನಿದೆ ಅಂತ ನೋಡದೆ ತರಬೇಡಿ.

9. ಊರಲ್ಲಿ ಇರುವಾಗ

ಮೊದಲ ಒಂದು ವಾರ ಯಾವ ಕಚೇರಿಗೂ ಹೋಗಬೇಡಿ, ಮನೆಯಲ್ಲಿರಿ. ಆಮೇಲೆ ಇವಿಷ್ಟು ನೋಡಿ.

ಹೊಸ ಹುದ್ದೆಗೆ ಡಿಗ್ರಿ ಪ್ರಮಾಣಪತ್ರ ದೃಢೀಕರಣ ಬೇಕು ಅಂತ ಕಂಪನಿ ಹೇಳಿದ್ದರೆ ಅದನ್ನು ಮೊದಲು ಶುರು ಮಾಡಿ, ಇದಕ್ಕೇ ಜಾಸ್ತಿ ದಿನ ಹಿಡಿಯುವುದು. ಮೊದಲು ರಾಜ್ಯದ ಮಟ್ಟದಲ್ಲಿ, ಆಮೇಲೆ ಭಾರತದ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯ. ಮೂಲ ಪ್ರಮಾಣಪತ್ರವೇ ಕೊಡಬೇಕಾಗುತ್ತದೆ, ಏಜೆಂಟರಿಗೆ ಕೊಟ್ಟರೆ ರಸೀದಿ ತಗೊಳ್ಳಿ.

ಪಾಸ್‌ಪೋರ್ಟ್ ಅವಧಿ ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಯೋಚನೆ ಮಾಡಬೇಕು. ಇದನ್ನು ಆಫರ್ ಬಂದ ದಿನವೇ ನೋಡಿ, ಸಾಧ್ಯವಾದರೆ ಅಲ್ಲೇ ನವೀಕರಿಸಿಕೊಂಡು ಬನ್ನಿ. ಊರಲ್ಲಿ ಮಾಡಿಸಿದರೆ ಪೊಲೀಸ್ ಪರಿಶೀಲನೆ ಎಷ್ಟು ದಿನ ಹಿಡಿಯುತ್ತದೋ ಹೇಳಲಾಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಹಳೇ ಪಾಸ್‌ಪೋರ್ಟ್ ನಂಬರಿನ ಮೇಲೆ ಎಂಟ್ರಿ ಪರ್ಮಿಟ್ ಆಗಿಬಿಟ್ಟರೆ ಹೊಸ ನಂಬರಿಗೆ ಅದು ಹೊಂದುವುದಿಲ್ಲ. ಎರಡನ್ನೂ ಒಟ್ಟಿಗೆ ನಡೆಸಬೇಡಿ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ಇರಬಹುದು. ಹಾಗೆಂದರೆ ಭಾರತದಿಂದ ಕೆಲಸಕ್ಕೆ ಹೊರಡಲು ವಲಸೆ ಅನುಮತಿ ಬೇಕು. ಯುಎಇ ಸೇರಿ 18 ದೇಶಗಳಿಗೆ ಇದು ಕಡ್ಡಾಯ. ಹೊಸ ವೀಸಾ ಅಂದರೆ ಇ-ಮೈಗ್ರೇಟ್ ಅನ್ನುವ ಭಾರತ ಸರ್ಕಾರದ ಜಾಲತಾಣದಲ್ಲಿ ಹೊಸದಾಗಿ ಅನುಮತಿ. ಇದನ್ನು ಮರೆತವರನ್ನು ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸುತ್ತಾರೆ. ಈ ಅನುಮತಿಯ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಬರುತ್ತದೆ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ. ಹೊರಗೆ ಒಟ್ಟು ಮೂರು ವರ್ಷಕ್ಕಿಂತ ಜಾಸ್ತಿ ಇದ್ದವರು ಇಸಿಆರ್ ತೆಗೆಸಿಕೊಳ್ಳಬಹುದು. ನಡುವೆ ಬಿಟ್ಟು ಬಿಟ್ಟು ಇದ್ದದ್ದೂ ಲೆಕ್ಕಕ್ಕೆ ಬರುತ್ತದೆ. ಹಳೇ ವೀಸಾ ಪುಟಗಳ ಪ್ರತಿ ಅದಕ್ಕೇ ಬೇಕು, ಬಿಸಾಡಬೇಡಿ.

ದಿನಗಳ ಲೆಕ್ಕ ಇಡಿ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ವರ್ಷದಲ್ಲಿ ಭಾರತದಲ್ಲಿ ಒಟ್ಟು 182 ದಿನ ಆದರೆ ಆ ವರ್ಷಕ್ಕೆ ನೀವು ತೆರಿಗೆ ದೃಷ್ಟಿಯಲ್ಲಿ ಇಲ್ಲಿನ ನಿವಾಸಿ. ಊರಲ್ಲಿ ಬಾಡಿಗೆ, ವ್ಯಾಪಾರ ಹೀಗೆ ಭಾರತದ ಆದಾಯವೇ 15 ಲಕ್ಷ ಮೀರಿದ್ದರೆ 182ರ ಬದಲು 120 ದಿನದ ಮಿತಿ ನೋಡಬೇಕು. ಒಂದೆರಡು ತಿಂಗಳ ರಜೆಗೆ ಚಿಂತೆ ಇಲ್ಲ. ಆದರೆ "ಪರ್ಮಿಟ್ ನಾಳೆ ಬರುತ್ತೆ" ಅಂತ ಕಾಯುತ್ತಾ ಕಾಯುತ್ತಾ ದಿನ ಹೋದದ್ದೇ ಗೊತ್ತಾಗುವುದಿಲ್ಲ. ಆಫರ್ ಬಿದ್ದುಹೋಗಿ ವಾಪಸ್ ಹೋಗುವುದೇ ಗೊತ್ತಿಲ್ಲ ಅನ್ನುವ ಸ್ಥಿತಿ ಬಂದರೆ ಬ್ಯಾಂಕಿಗೆ ಹೇಳಿ ಎನ್‌ಆರ್‌ಇ ಖಾತೆ ಬದಲಾಯಿಸಿಕೊಳ್ಳಬೇಕು.

ಖರ್ಚಿನ ವಿಷಯ ನೀವೇ ಮನೆಯವರಿಗೆ ಬಿಡಿಸಿ ಹೇಳಿ. ಈ ತಿಂಗಳು ಸಂಬಳ ಇಲ್ಲ, ಹೊಸ ಸಂಬಳ ಸೇರಿದ ತಿಂಗಳು ಮುಗಿದ ಮೇಲೆ. ಅಂದರೆ ಕನಿಷ್ಠ ಎರಡು ತಿಂಗಳು ಕೈಯಿಂದ ಖರ್ಚು. ಗ್ರ್ಯಾಚುಟಿಯಲ್ಲಿ ಅಷ್ಟನ್ನು ಮೊದಲು ಪಕ್ಕಕ್ಕಿಟ್ಟು ಉಳಿದದ್ದನ್ನು ಮುಟ್ಟಿ. ಕೆಲಸ ಬದಲಾಗಿದೆ ಅಂತ ಊರಿಗೆಲ್ಲ ಹೇಳಬೇಕಿಲ್ಲ, ಆದರೆ ಹೆಂಡತಿ ಅಥವಾ ಅಪ್ಪ ಅಮ್ಮನಿಗೆ ಪೂರ್ತಿ ಲೆಕ್ಕ ಗೊತ್ತಿದ್ದರೆ ನಿಮ್ಮ ರಜೆ ನೆಮ್ಮದಿಯಾಗಿರುತ್ತದೆ.

10. ವಾಪಸ್ ಹೊರಡುವುದು

ಎಂಟ್ರಿ ಪರ್ಮಿಟ್ ಇಮೇಲ್‌ನಲ್ಲಿ ಬರುತ್ತದೆ. ಬಂದ ಕೂಡಲೇ ಹೆಸರಿನ ಅಕ್ಷರ, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಹುದ್ದೆ ಸರಿ ಇದೆಯಾ ನೋಡಿ, ಜಿಡಿಆರ್‌ಎಫ್‌ಎ ಅಥವಾ ಐಸಿಪಿ ಜಾಲತಾಣದಲ್ಲಿ ಪರಿಶೀಲಿಸಿ. ಅದು ಉದ್ಯೋಗದ ಪರ್ಮಿಟ್ಟಾ ವಿಸಿಟ್ಟಾ ಅನ್ನುವುದನ್ನೂ ನೋಡಿ. ಒಳಗೆ ಬರಲು ಸಾಮಾನ್ಯವಾಗಿ 60 ದಿನ ಸಮಯ ಇರುತ್ತದೆ, ಕೊನೆಯ ದಿನಾಂಕ ಪತ್ರದಲ್ಲೇ ಇದೆ. ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ. ಕೆಲವು ವಿಮಾನ ಸಂಸ್ಥೆಗಳು ಹೊಸ ವೀಸಾದವರಿಗೆ "ಓಕೆ ಟು ಬೋರ್ಡ್" ಕೇಳುತ್ತವೆ, ಅಂದರೆ ವೀಸಾ ಪರಿಶೀಲಿಸಿ ಹತ್ತಲು ಮೊದಲೇ ಕೊಡುವ ಒಪ್ಪಿಗೆ. ಟಿಕೆಟ್ ತೆಗೆಯುವಾಗಲೇ ವಿಚಾರಿಸಿ. ಪರ್ಮಿಟ್‌ನ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ.

ಅಮ್ಮ ಕಟ್ಟಿಕೊಡುವ ಡಬ್ಬಿಗಳನ್ನು ಒಂದು ಸಲ ಬಿಚ್ಚಿ ನೋಡಿ. ಗಸಗಸೆ ಯುಎಇಯಲ್ಲಿ ನಿಷಿದ್ಧ. ಅದನ್ನು ಮಾದಕ ವಸ್ತುವಿನ ಪಟ್ಟಿಯಲ್ಲೇ ನೋಡುತ್ತಾರೆ, ಮಸಾಲೆಪುಡಿಯಲ್ಲಿ ಬೆರೆತಿದ್ದರೂ ಸಿಕ್ಕಿಬೀಳಬಹುದು. ಹಲವು ವರ್ಷ ಅಲ್ಲೇ ಇದ್ದವರಿಗೂ ಇದು ಮರೆತುಹೋಗುತ್ತದೆ. ಔಷಧಿಯಲ್ಲೂ ಹಾಗೇ: ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ನಿಯಂತ್ರಿತ ಪಟ್ಟಿಯಲ್ಲಿವೆ. ಬೇಕೇ ಬೇಕಾದರೆ ಅಲ್ಲಿನ ಆರೋಗ್ಯ ಇಲಾಖೆಯ ಮುಂಚಿತ ಅನುಮತಿ ತೆಗೆದುಕೊಳ್ಳಿ, ಜೊತೆಗೆ ವೈದ್ಯರ ಚೀಟಿ ಇಟ್ಟುಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆಯ ಮಾಮೂಲಿ ಮಾತ್ರೆಗಳನ್ನೂ ಚೀಟಿಯ ಜೊತೆಗೇ ಒಯ್ಯಿರಿ.

ಇಳಿದ ಮೇಲೆ ವೈದ್ಯಕೀಯ ಪರೀಕ್ಷೆ, ಎಮಿರೇಟ್ಸ್ ಐಡಿ ಅರ್ಜಿ, ಬೆರಳಚ್ಚು, ಒಪ್ಪಂದಕ್ಕೆ ಸಹಿ. ಒಪ್ಪಂದವನ್ನು ಆಫರ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ, ಸಂಬಳ ಅಥವಾ ಹುದ್ದೆ ಬದಲಾಗಿದ್ದರೆ ಸಹಿ ಹಾಕಬೇಡಿ. ಈಗ ಪಾಸ್‌ಪೋರ್ಟ್‌ನಲ್ಲಿ ವೀಸಾ ಸ್ಟಿಕರ್ ಅಂಟಿಸುವುದಿಲ್ಲ, ಎಮಿರೇಟ್ಸ್ ಐಡಿಯೇ ವಾಸದ ಗುರುತು. ಅದು ಬಂದ ದಿನ ಬ್ಯಾಂಕಿಗೆ ಮತ್ತು ಸಿಮ್ ಕಂಪನಿಗೆ ಹೊಸ ಕಾರ್ಡ್ ತೋರಿಸಿ ದಾಖಲೆ ಸರಿಪಡಿಸಿಕೊಳ್ಳಿ. ಹಾಗೇ ಐಲೋ ವಿಮೆ ಚಾಲ್ತಿಯಲ್ಲಿದೆಯಾ ನೋಡಿ. ನಡುವೆ ನಿಂತುಹೋಗಿದ್ದರೆ ಅವತ್ತೇ ಮತ್ತೆ ಶುರು ಮಾಡಿ.